ಕಾಲಿಲ್ಲದ ಆನೆಗಳು ಮತ್ತು ಸುಖದ ಲೆಕ್ಕ

ನಮ್ಮ ಊರಿನ ಮನೆಯ ಮುಂಬಾಗಿಲು ಮನೆಗಿಂತ ಹಳೆಯದು. ಹಲಸಿನ ಮರದ ಎರಡು ಕದ. ಮೇಲೆ ಬಳ್ಳಿಯ ಕೆತ್ತನೆ, ನಡುವೆ ಹಿತ್ತಾಳೆಯ ಬಳೆ, ಕೆಳಗೆ ಆನೆಗಳ ಸಾಲು. ಆ ಆನೆಗಳಿಗೆ ಕಾಲಿಲ್ಲ. ಮೊಣಕಾಲಿನ ಮಟ್ಟಕ್ಕೆ ಯಾರೋ ಗರಗಸ ಹಾಕಿ ಕದವನ್ನು ಕತ್ತರಿಸಿದ್ದಾರೆ.

ಚಿಕ್ಕವಳಿದ್ದಾಗ ಆನೆಗಳು ನೀರಿನಲ್ಲಿ ನಿಂತಿವೆ ಅಂದುಕೊಂಡಿದ್ದೆ. ಅಜ್ಜಿಗೆ ಹಾಗೇ ಹೇಳಿದ್ದೆ ಕೂಡ. ಅಜ್ಜಿ ಅಡಿಕೆ ಸುಲಿಯುತ್ತಿದ್ದರು. ಕೈ ನಿಲ್ಲಿಸಿ, "ಹೌದು ಕೂಸೇ, ನೀರಲ್ಲೇ ಇದಾವೆ" ಅಂದರು. ಮತ್ತೆ ಸುಲಿಯತೊಡಗಿದರು.

ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿ ಮುಗಿದದ್ದು 1964ರಲ್ಲಿ. ಅದರ ಹಿನ್ನೀರಿನಲ್ಲಿ ಅಜ್ಜಿಯ ಊರು ಹೋಯಿತು. ನಮ್ಮ ಕಡೆ ಅದಕ್ಕೆ ಒಂದೇ ಮಾತು, ಮುಳುಗಡೆ. "ಮುಳುಗಡೆಗೆ ಮುಂಚೆ", "ಮುಳುಗಡೆ ಆದಮೇಲೆ" ಅಂತಲೇ ಹಿರಿಯರು ಕಾಲವನ್ನು ಹೇಳುವುದು. ಅಜ್ಜ ಹಳೆ ಮನೆಯಿಂದ ಬಿಚ್ಚಿ ತಂದದ್ದು ಒಂದಷ್ಟು ಹೆಂಚು, ನಾಲ್ಕು ಕಂಬ, ಈ ಎರಡು ಕದ. ಹೊಸ ಜಾಗ ಬೇರೆ ತಾಲ್ಲೂಕಿನ ಕಾಡಂಚಿನಲ್ಲಿತ್ತು. ಕೈಯಲ್ಲಿದ್ದ ದುಡ್ಡಿಗೆ ಎಬ್ಬಿಸಿದ ಗೋಡೆ ಹಳೆ ಬಾಗಿಲಿನಷ್ಟು ಎತ್ತರ ಬರಲಿಲ್ಲ. ಮಳೆಗಾಲ ಹತ್ತಿರ ಬಂದಿತ್ತು. ಬಡಗಿಯನ್ನು ಕರೆಸಿ ಕದವನ್ನೇ ಗಿಡ್ಡ ಮಾಡಿಸಿದರು.

ಹಳೆ ಮನೆಯಲ್ಲಿ ಆ ಕದಗಳಿಗೆ ಬಿಜಾಗರಿ ಇರಲಿಲ್ಲವಂತೆ. ಕದದ ಮೂಲೆಯಿಂದಲೇ ಗೂಟದ ಹಾಗೆ ಚಾಚಿದ ತುದಿ ಹೊಸ್ತಿಲ ಕಲ್ಲಿನ ಕುಳಿಯಲ್ಲಿ ಕೂತು ತಿರುಗುತ್ತಿತ್ತು. ಬಾಗಿಲು ತೆಗೆದರೆ ಆಗುವ ಸದ್ದಿನಲ್ಲೇ ಯಾರು ಬಂದರು ಅಂತ ಅಜ್ಜಿಗೆ ತಿಳಿಯುತ್ತಿತ್ತು. ಕತ್ತರಿಸಿದ ಮೇಲೆ ಕಬ್ಬಿಣದ ಬಿಜಾಗರಿ ಬಂತು. ಸದ್ದು ಹೋಯಿತು.

ಉಪಯುಕ್ತತಾವಾದ ಎಂಬ ಪದವನ್ನು ನಾನು ಮೊದಲು ಓದಿದ್ದು ಪದವಿ ತರಗತಿಯಲ್ಲಿ, ರಾಜ್ಯಶಾಸ್ತ್ರದ ನೋಟ್ಸಿನಲ್ಲಿ. ಜೆರೆಮಿ ಬೆಂಥಮ್, ಅಧಿಕಾಧಿಕ ಜನರ ಅಧಿಕಾಧಿಕ ಸುಖ, ಐದು ಅಂಕದ ಪ್ರಶ್ನೆ. ಬಾಯಿಪಾಠ ಮಾಡುತ್ತಿದ್ದವಳು ಅದೇ ಸಾಲಿನಲ್ಲಿ ನಿಂತುಬಿಟ್ಟೆ. ಇದು ನಮ್ಮ ಮನೆಯ ಜಗುಲಿಯ ಮೇಲೆ ವರ್ಷಗಟ್ಟಲೆ ನಡೆದ ಜಗಳ ಅಲ್ವಾ ಅನ್ನಿಸಿತು.

ಜಗಳ ಚಿಕ್ಕಪ್ಪನಿಗೂ ಅಜ್ಜನಿಗೂ. ಚಿಕ್ಕಪ್ಪ ಬೆಂಗಳೂರಿನಲ್ಲಿ ಲೇತ್ ಮೆಷೀನ್ ಮೇಲೆ ಕೆಲಸ ಮಾಡಿದವರು. ಹಬ್ಬಕ್ಕೆ ಬಂದಾಗಲೆಲ್ಲ ಮಾತು ಅಲ್ಲಿಗೇ ಬರುತ್ತಿತ್ತು. "ಅಪ್ಪಯ್ಯ, ಆ ಡ್ಯಾಮ್ ಆಗದೇ ಇದ್ದಿದ್ರೆ ನಾನು ಕೆಲಸ ಮಾಡೋ ಕಾರ್ಖಾನೆ ಎಲ್ಲಿರ್ತಿತ್ತು? ಒಂದು ಊರು ಹೋಯ್ತು ನಿಜ. ನಾಡಿಗೆಲ್ಲ ದೀಪ ಬಂತಲ್ಲ?" ಅಜ್ಜ ಎಲೆಗೆ ಸುಣ್ಣ ಹಚ್ಚುತ್ತಾ, "ಬಂತು. ನಮ್ಮ ಮನೆಗೆ ಯಾವಾಗ ಬಂತು ಹೇಳು" ಅನ್ನುತ್ತಿದ್ದರು. ನಮ್ಮ ಮನೆಗೆ ಕರೆಂಟ್ ಬಂದದ್ದು ನನ್ನ ಅಪ್ಪನ ಮದುವೆ ಆದಮೇಲೆ. ಅಲ್ಲಿಯವರೆಗೆ ಚಿಮಣಿ ಬುಡ್ಡಿ.

ಚಿಕ್ಕಪ್ಪ ಹೇಳುತ್ತಿದ್ದದ್ದು ಸುಳ್ಳಲ್ಲ. ಶರಾವತಿ ವಿದ್ಯುದಾಗಾರದಲ್ಲಿ 10 ಯಂತ್ರಗಳಿವೆ, ಒಟ್ಟು 1035 ಮೆಗಾವ್ಯಾಟ್. ಆ ಕಾಲದ ಮೈಸೂರು ರಾಜ್ಯಕ್ಕೆ ಅದು ಎಂಥ ದೊಡ್ಡ ಬಲವಾಗಿತ್ತು ಅಂತ ಈಗ ಊಹಿಸುವುದೂ ಕಷ್ಟ. ಕಾರ್ಖಾನೆ, ಪಂಪ್‌ಸೆಟ್, ಆಸ್ಪತ್ರೆ, ರಾತ್ರಿ ಓದುವ ಮಕ್ಕಳು. ಇದನ್ನೆಲ್ಲ ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಇನ್ನೊಂದರಲ್ಲಿ ಅಜ್ಜಿಯ ಊರನ್ನಿಟ್ಟರೆ ಯಾವ ಕಡೆ ಭಾರ? ಈ ತಕ್ಕಡಿಯನ್ನೇ ಒಂದು ನೀತಿಶಾಸ್ತ್ರ ಮಾಡಿದವನು ಬೆಂಥಮ್.

ಅವನನ್ನು ನಾವು ಪರೀಕ್ಷೆಯ ಸಾಲಿನಲ್ಲಿ ಮಾತ್ರ ಕಂಡಿದ್ದೇವೆ. ಮನುಷ್ಯ ಅದಕ್ಕಿಂತ ದೊಡ್ಡವನು. 1748ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ. ವಕೀಲಿ ಓದಿದ, ಆದರೆ ಆಗಿನ ಕಾನೂನನ್ನು ನೋಡಿ ಅವನಿಗೆ ಹೇಸಿಗೆಯಾಯಿತು. ಆ ಕಾಲದ ಇಂಗ್ಲೆಂಡಿನಲ್ಲಿ ಗಲ್ಲು ಶಿಕ್ಷೆ ಕೊಡಬಹುದಾದ ಅಪರಾಧಗಳು 200ರ ಆಸುಪಾಸಿನಲ್ಲಿದ್ದವು. ಚಿಲ್ಲರೆ ಕಳ್ಳತನಕ್ಕೂ ನೇಣು. ಯಾಕೆ ಅಂತ ಕೇಳಿದರೆ ಸಂಪ್ರದಾಯ, ದೇವರ ಇಚ್ಛೆ, ಹಿಂದಿನಿಂದ ಬಂದದ್ದು ಎಂಬ ಉತ್ತರ. ಬೆಂಥಮ್ ಕೇಳಿದ್ದು ಒಂದೇ ಪ್ರಶ್ನೆ. ಇದರಿಂದ ಯಾರ ನೋವು ಕಡಿಮೆಯಾಯಿತು? ಯಾರ ಸುಖ ಹೆಚ್ಚಾಯಿತು? ಉತ್ತರ ಇಲ್ಲದಿದ್ದರೆ ಆ ಕಾನೂನು ಬೇಡ. 1789ರಲ್ಲಿ ಬಂದ ಅವನ ಮುಖ್ಯ ಪುಸ್ತಕ ಶುರುವಾಗುವುದೇ ಮನುಷ್ಯನನ್ನು ಆಳುವ ಒಡೆಯರು ಇಬ್ಬರು, ನೋವು ಮತ್ತು ಸುಖ ಎಂಬ ಮಾತಿನಿಂದ.

ಆ ಪ್ರಶ್ನೆಯನ್ನು ಹಿಡಿದುಕೊಂಡು ಅವನು ಹೋದ ಕಡೆಗಳನ್ನು ನೋಡಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಪ್ರಾಣಿಗಳಿಗೆ ಬುದ್ಧಿ ಇದೆಯೋ, ಮಾತು ಬರುತ್ತದೋ ಅಂತ ಕೇಳಬೇಡಿ, ಅವುಗಳಿಗೆ ನೋವಾಗುತ್ತದೆಯೇ ಅಂತ ಕೇಳಿ ಎಂದ. ಗಂಡಸು ಗಂಡಸಿನ ಪ್ರೀತಿಗೆ ಇಂಗ್ಲೆಂಡಿನಲ್ಲಿ ನೇಣು ಹಾಕುತ್ತಿದ್ದ ಕಾಲದಲ್ಲಿ, ಸುಮಾರು 1785ರಲ್ಲಿ, ಅದು ಯಾರಿಗೂ ನೋವು ಮಾಡದು, ಶಿಕ್ಷೆ ಯಾಕೆ ಅಂತ ಬರೆದಿಟ್ಟ. ಅಚ್ಚು ಹಾಕಿಸುವ ಧೈರ್ಯ ಬರಲಿಲ್ಲ. ಆ ಬರಹ ಬೆಳಕು ಕಂಡದ್ದು 1978ರಲ್ಲಿ. ಇನ್ನೊಂದು ಸಂಗತಿ ನನ್ನನ್ನು ತುಂಬ ಕಾಡುತ್ತದೆ. ಬೆಂಥಮ್‌ನ ವಿಚಾರಗಳ ನೆರಳಿನಲ್ಲೇ ಮೆಕಾಲೆ ನಮ್ಮ ದಂಡ ಸಂಹಿತೆಯ ಕರಡು ಮಾಡಿದ. ಅದು 1860ರಲ್ಲಿ ಕಾನೂನಾಯಿತು, ಅಂಥ ಪ್ರೀತಿಯನ್ನು ಅಪರಾಧ ಮಾಡಿದ 377ನೇ ಕಲಮು ಅದರೊಳಗೇ ಕೂತಿತು. ಗುರು ಬರೆದಿಟ್ಟ ಮಾತು ಪೆಟ್ಟಿಗೆಯಲ್ಲೇ ಇತ್ತು. ನಮ್ಮ ಸುಪ್ರೀಂ ಕೋರ್ಟ್, ಪ್ರಾಯಕ್ಕೆ ಬಂದವರು ಒಪ್ಪಿ ಕೂಡುವುದು ಅಪರಾಧವಲ್ಲ ಎಂದದ್ದು 2018ರಲ್ಲಿ.

ಹಾಗಾಗಿ ಉಪಯುಕ್ತತಾವಾದ ಎಂದರೆ ಮನಸ್ಸಿಲ್ಲದ ಲೆಕ್ಕ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಅದರ ಬುಡದಲ್ಲಿರುವುದು ಕರುಣೆ. ಆ ಲೆಕ್ಕದಲ್ಲಿ ಪ್ರತಿಯೊಬ್ಬರೂ ಒಂದು, ಯಾರೂ ಒಂದಕ್ಕಿಂತ ಜಾಸ್ತಿ ಇಲ್ಲ. ದೊರೆಯ ಸುಖಕ್ಕೆ ಹೆಚ್ಚು ತೂಕವಿಲ್ಲ. ಅಡಿಕೆ ಸುಲಿಯುವ ಅಜ್ಜಿಯ ನೋವಿಗೆ ಕಡಿಮೆ ತೂಕವಿಲ್ಲ.

ಈ ವಾದಕ್ಕೆ ಹೆಸರೇ ಶತ್ರು ಅನ್ನಿಸುತ್ತದೆ. ಉಪಯುಕ್ತತೆ ಅಂದರೆ ನಮಗೆ ನೆನಪಾಗುವುದು ಕೊಡಲಿ, ಬಿಂದಿಗೆಯಂಥ ವಸ್ತು. ಉಪಯೋಗಕ್ಕೆ ಬಂದರೆ ಇಟ್ಟುಕೋ, ಬಾರದಿದ್ದರೆ ಎಸೆ. ಬೆಂಥಮ್‌ನಿಗೇ ಮುಂದೆ ಈ ಪದ ಸಾಲದು ಅನ್ನಿಸಿತು. ಸುಖ ದುಃಖದ ಕಡೆ ಅದು ಬೆರಳು ತೋರಿಸುವುದಿಲ್ಲ ಎಂದು 1822ರಲ್ಲಿ ಬರೆದ.

ಹೆಸರಿಗಿಂತ ದೊಡ್ಡ ಎಡವಟ್ಟು ಆ ಘೋಷಣೆಯದ್ದು. ಹೆಚ್ಚು ಜನರಿಗೆ ಹೆಚ್ಚು ಸುಖ ಎಂಬಲ್ಲಿ ಎರಡು ಹೆಚ್ಚುಗಳಿವೆ, ಅವು ಜಗಳವಾಡುತ್ತವೆ. ಹತ್ತು ಜನಕ್ಕೆ ಒಂದೊಂದು ಚಮಚ ಸಕ್ಕರೆ ಸಿಗಲು ಹನ್ನೊಂದನೆಯವನ ಊಟವನ್ನೇ ಕಿತ್ತುಕೊಂಡರೆ? ಹೆಚ್ಚು ಜನಕ್ಕೇನೋ ಸುಖವಾಯಿತು. ಒಟ್ಟು ಸುಖ ಕಡಿಮೆಯಾಯಿತು. ಇದನ್ನೂ ಬೆಂಥಮ್ ಕಂಡುಕೊಂಡ. 4001 ಜನರಿದ್ದು, 2001 ಜನ ಸೇರಿ ಉಳಿದ 2000 ಜನರ ಸುಖವನ್ನೆಲ್ಲ ಕಿತ್ತುಕೊಂಡರೆ ಒಟ್ಟು ಸುಖ ಏರುತ್ತದೆಯೇ, ಇಳಿಯುತ್ತದೆಯೇ ಅಂತ ಲೆಕ್ಕ ಹಾಕಿ ತೋರಿಸಿದ. ವಯಸ್ಸಾದ ಮೇಲೆ 'ಹೆಚ್ಚು ಜನ' ಎಂಬುದನ್ನು ಬಿಟ್ಟು 'ಅತಿ ಹೆಚ್ಚು ಸುಖ' ಎಂದಷ್ಟೇ ಹೇಳತೊಡಗಿದ. ನಮ್ಮ ನೋಟ್ಸುಗಳು ಮಾತ್ರ ಅವನೇ ಕೈಬಿಟ್ಟ ಸಾಲನ್ನು ಇನ್ನೂ ಬಾಯಿಪಾಠ ಮಾಡಿಸುತ್ತಿವೆ. ಬಹುಮತಕ್ಕೂ ಉಪಯುಕ್ತತಾವಾದಕ್ಕೂ ಇರುವ ಈ ಅಂತರ ತಿಳಿಯದೆ ಎಷ್ಟೋ ಊರುಗಳನ್ನು ಮುಳುಗಿಸಿದ್ದೇವೆ ಅಂತ ನನಗೆ ನಿಜವಾಗಿಯೂ ಅನ್ನಿಸುತ್ತದೆ.

ಹಾಗಾದರೆ ಪೂರ್ತಿ ಲೆಕ್ಕ ಹಾಕೋಣ. ಸುಖ ದುಃಖವನ್ನು ಅಳೆಯಲು ಬೆಂಥಮ್ ಏಳು ಅಳತೆ ಕೊಟ್ಟಿದ್ದಾನೆ. ಎಷ್ಟು ತೀವ್ರ, ಎಷ್ಟು ಕಾಲ, ಎಷ್ಟು ಖಚಿತ, ಎಷ್ಟು ಹತ್ತಿರ, ಅದರಿಂದ ಅಂಥದ್ದೇ ಇನ್ನಷ್ಟು ಹುಟ್ಟುತ್ತದೆಯೇ, ಎದುರಿನದ್ದು ಬೆರೆತಿದೆಯೇ, ಎಷ್ಟು ಜನಕ್ಕೆ ತಲುಪುತ್ತದೆ. ಇದನ್ನು ನಾನು ಒಂದು ರಾತ್ರಿ ಕೂತು ನಮ್ಮ ಬಾಗಿಲಿನ ಮೇಲೆ ಹಾಕಿ ನೋಡಿದ್ದೇನೆ.

ಕಾಲದ ಅಳತೆಯಲ್ಲೇ ಬಹಳ ಹೊತ್ತು ನಿಂತೆ. ಅಜ್ಜಿ ಮುಳುಗಡೆ ಆದಮೇಲೆ ನಲವತ್ತು ವರ್ಷಕ್ಕೂ ಜಾಸ್ತಿ ಬದುಕಿದರು. ಕೊನೆಯವರೆಗೂ ಅವರಿಗೆ ದಿಕ್ಕು ಅಂದರೆ ಹಳೆ ಊರಿನ ದಿಕ್ಕು. "ತೋಟದ ಬದಿ", "ಹೊಳೆ ಬದಿ" ಅನ್ನುತ್ತಿದ್ದರು. ಹೊಸ ಊರಿನಲ್ಲಿ ಆ ಕಡೆ ತೋಟವೂ ಇಲ್ಲ, ಹೊಳೆಯೂ ಇಲ್ಲ. ಹೊಸದಾಗಿ ಬಂದ ಸೊಸೆಯಂದಿರು ಒಂದೆರಡು ವರ್ಷ ಒದ್ದಾಡಿ ಕಲಿತುಕೊಂಡರು. ತೋಟದ ಬದಿ ಅಂದರೆ ಹಿತ್ತಿಲು, ಹೊಳೆ ಬದಿ ಅಂದರೆ ರಸ್ತೆ. ಊರಿನ ಜನ ಒಂದೇ ಕಡೆ ಹೋಗಲಿಲ್ಲ. ಒಂದು ಮನೆ ಅಲ್ಲಿ, ಒಂದು ಮನೆ ಇಲ್ಲಿ. ಬಾಣಂತನಕ್ಕೆ, ಸಾವಿಗೆ ಓಡಿ ಬರುವವರೇ ಇಲ್ಲದ ಹಾಗಾಯಿತು. ಒಂದು ನೋವು ಇನ್ನೊಂದನ್ನು ಹುಟ್ಟಿಸುತ್ತದೆಯೇ ಎಂಬ ಅಳತೆಗೆ ಇದಕ್ಕಿಂತ ಉದಾಹರಣೆ ಬೇಕೇ? ಖಚಿತತೆಯಲ್ಲಿ ನೋಡಿದರೆ ಲಾಭ ಬರಬಹುದಾದದ್ದು, ನಷ್ಟ ಬಂದೇ ಬರುವಂಥದ್ದು.

ಇಷ್ಟೆಲ್ಲ ಕೂಡಿಸಿದ ಮೇಲೂ ನಾನು ಒಂದು ಮಾತನ್ನು ಒಪ್ಪಲೇಬೇಕು. ಅಣೆಕಟ್ಟಿನ ತಟ್ಟೆಯೇ ತೂಗುತ್ತದೆ. ಕೋಟ್ಯಂತರ ಜನ, ಇಷ್ಟು ದಶಕ. ನಾನು ಓದಿದ್ದು ಅದೇ ಬೆಳಕಿನಲ್ಲಿ. ಬಹಳ ದಿನ ಇದನ್ನು ಒಪ್ಪಲು ಮನಸ್ಸು ಬಂದಿರಲಿಲ್ಲ. ಬೇರೆ ಯಾವ ದಾರಿಯೂ ಇರಲಿಲ್ಲವೇ, ಅಣೆಕಟ್ಟು ಸ್ವಲ್ಪ ತಗ್ಗಿದ್ದರೆ ಆಗುತ್ತಿರಲಿಲ್ಲವೇ ಎಂಬ ಪ್ರಶ್ನೆಗಳಿವೆ. ಅವೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಅವುಗಳ ಹಿಂದೆ ಅಡಗಿಕೊಂಡರೆ ಗಂಟು ಬಿಡಿಸಿದ ಹಾಗಾಗುವುದಿಲ್ಲ. ಲೆಕ್ಕ ಸರಿಯಾಗಿದ್ದಾಗಲೂ ಏನೋ ತಪ್ಪಿದೆ ಅನ್ನಿಸುತ್ತದಲ್ಲ, ಅದು ಏನು?

ಜಾನ್ ರಾಲ್ಸ್ ಎಂಬ ಅಮೆರಿಕದ ಚಿಂತಕ 1971ರಲ್ಲಿ ಇದಕ್ಕೊಂದು ಉತ್ತರ ಕೊಟ್ಟ. ನಾನು ಇವತ್ತು ಹಲ್ಲು ಕೀಳಿಸಿಕೊಂಡು ನೋವು ತಿನ್ನುತ್ತೇನೆ, ನಾಳೆ ನೆಮ್ಮದಿಯಾಗಿರುತ್ತೇನೆ. ನೋವೂ ನನ್ನದೇ, ನೆಮ್ಮದಿಯೂ ನನ್ನದೇ. ಉಪಯುಕ್ತತಾವಾದ ಇಡೀ ಸಮಾಜವನ್ನು ಹೀಗೇ ಒಂದು ಮೈ ಅಂದುಕೊಳ್ಳುತ್ತದೆ. ಸಮಾಜಕ್ಕೆ ಒಂದೇ ಮೈ ಇಲ್ಲ. ಹಲ್ಲು ಕಿತ್ತದ್ದು ಅಜ್ಜಿಯದ್ದು, ನೆಮ್ಮದಿ ಬಂದದ್ದು ಬೇರೆಯವರಿಗೆ. ಕೂಡಿಸುವಾಗ ಈ ಗೆರೆ ಅಳಿಸಿಹೋಗುತ್ತದೆ. ಮೊತ್ತದಲ್ಲಿ ಯಾರ ಹೆಸರೂ ಇರುವುದಿಲ್ಲ.

ಇದನ್ನೇ ನಮ್ಮ ಅಜ್ಜ ಬೇರೆ ಥರ ಹೇಳುತ್ತಿದ್ದರು. ಅವರಿಗೆ ತಾಳಮದ್ದಳೆಯ ಹುಚ್ಚು. ಮಹಾಭಾರತದಲ್ಲಿ ವಿದುರ ಹೇಳುವ ಒಂದು ಶ್ಲೋಕವಿದೆ. ಕುಲಕ್ಕಾಗಿ ಒಬ್ಬನನ್ನು ಬಿಡಬೇಕು, ಊರಿಗಾಗಿ ಕುಲವನ್ನು ಬಿಡಬೇಕು, ನಾಡಿಗಾಗಿ ಊರನ್ನು ಬಿಡಬೇಕು. ಮುಳುಗಡೆಯ ಹೊತ್ತಿಗೆ ತಿಳಿದವರೊಬ್ಬರು ಜನರನ್ನು ಕೂರಿಸಿಕೊಂಡು ಇದೇ ಶ್ಲೋಕ ಹೇಳಿ ಸಮಾಧಾನ ಮಾಡಿದ್ದರಂತೆ. ಅಜ್ಜ ಆಗ ಸುಮ್ನೆ ಕೇಳಿಸಿಕೊಂಡು ಬಂದರು. ಉತ್ತರ ಹೊಳೆದದ್ದು ವರ್ಷಗಳ ನಂತರ, ಒಂದು ತಾಳಮದ್ದಳೆಯ ರಾತ್ರಿ. ಮನೆಗೆ ಬಂದು ಅಜ್ಜಿಯನ್ನು ಎಬ್ಬಿಸಿ ಹೇಳಿದರಂತೆ. "ವಿದುರ ಆ ಮಾತು ಹೇಳಿದ್ದು ಯಾರಿಗೆ? ಧೃತರಾಷ್ಟ್ರನಿಗೆ. ಬಿಡು ಅಂದದ್ದು ಯಾರನ್ನ? ಅವನ ಸ್ವಂತ ಮಗನ್ನ. ಪಕ್ಕದ ಮನೆಯವನ ಮಗನ್ನ ಬಿಡು ಅನ್ನಲಿಲ್ಲ."

ನಾನು ಓದಿದ ಎಷ್ಟೋ ಪುಟಗಳಿಗಿಂತ ಈ ಮಾತು ನನಗೆ ಜಾಸ್ತಿ ಕಲಿಸಿದೆ. ಬಿಡುವುದು ಬೇರೆ, ಬಿಡಿಸುವುದು ಬೇರೆ. ನಿರ್ಧಾರ ಮಾಡುವವನ ಮನೆಯಿಂದಲೇ ನಷ್ಟ ಹೋಗುವುದಾದರೆ ಆ ಶ್ಲೋಕಕ್ಕೆ ಒಂದು ಘನತೆ ಇದೆ. ಬೆಂಥಮ್‌ನಲ್ಲೂ ಆ ಘನತೆ ಇತ್ತು. ಹೆಣ ಕುಯ್ಯುವುದೆಂದರೆ ಕೊಲೆಗಾರರಿಗೆ ಕೊಡುವ ಶಿಕ್ಷೆಯ ಭಾಗ ಅಂತ ಜನ ಹೆದರುತ್ತಿದ್ದ ಕಾಲದಲ್ಲಿ, ತನ್ನ ಹೆಣವನ್ನು ವೈದ್ಯ ವಿದ್ಯಾರ್ಥಿಗಳ ಮುಂದೆ ಕುಯ್ಯಬೇಕು ಅಂತ ಉಯಿಲು ಬರೆದ. 1832ರಲ್ಲಿ ಸತ್ತಾಗ ಹಾಗೇ ಮಾಡಿದರು. ಅವನ ಅಸ್ಥಿಪಂಜರಕ್ಕೆ ಅವನದೇ ಬಟ್ಟೆ ತೊಡಿಸಿ ಕೂರಿಸಿದ್ದು ಇವತ್ತಿಗೂ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿದೆ. ಲೆಕ್ಕದಲ್ಲಿ ತನ್ನ ಮೈಯನ್ನೂ ಸೇರಿಸಿಕೊಂಡವನು.

ಅವನ ನಂತರ ಬಂದವರು ಲೆಕ್ಕವನ್ನು ದೂರದಿಂದ ಹಾಕತೊಡಗಿದರು. ಅವನ ಗೆಳೆಯ ಜೇಮ್ಸ್ ಮಿಲ್ ಭಾರತದ ಇತಿಹಾಸ ಬರೆದ, ಭಾರತಕ್ಕೆ ಒಮ್ಮೆಯೂ ಬಾರದೆ. ಬಾರದೇ ಇದ್ದದ್ದೇ ಒಳ್ಳೆಯದಾಯಿತು ಎಂಬ ನಂಬಿಕೆ ಅವನದ್ದು. ಮಗ ಜಾನ್ ಸ್ಟುವರ್ಟ್ ಮಿಲ್ 1823ರಿಂದ 1858ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಕೂತು ನಮ್ಮ ದೇಶದ ಕಡತ ಬರೆದ. ಅವನೂ ಇಲ್ಲಿಗೆ ಕಾಲಿಡಲಿಲ್ಲ.

ಆದರೆ ಈ ಮಗನನ್ನು ನಾನು ಬೈಯಲಾರೆ. ಮೂರನೇ ವಯಸ್ಸಿಗೇ ಗ್ರೀಕ್ ಕಲಿಸಿ, ಜಗತ್ತನ್ನು ಸರಿ ಮಾಡುವ ಯಂತ್ರದ ಹಾಗೆ ಅಪ್ಪ ಅವನನ್ನು ಬೆಳೆಸಿದ. ಇಪ್ಪತ್ತರ ವಯಸ್ಸಿನಲ್ಲಿ, 1826ರಲ್ಲಿ, ಒಂದು ದಿನ ಅವನು ತನ್ನನ್ನೇ ಕೇಳಿಕೊಂಡ. ನೀನು ಬಯಸಿದ ಸುಧಾರಣೆಗಳೆಲ್ಲ ಈ ಕ್ಷಣ ಆಗಿಬಿಟ್ಟರೆ ನಿನಗೆ ಸುಖವಾಗುತ್ತದೆಯೇ? ಇಲ್ಲ ಎಂಬ ಉತ್ತರ ಒಳಗಿಂದ ಬಂತು. ಕುಸಿದುಹೋದ. ತಿಂಗಳುಗಟ್ಟಲೆ ಮಂಕು. ಮೆಲ್ಲಗೆ ಎಬ್ಬಿಸಿದ್ದರಲ್ಲಿ ವರ್ಡ್ಸ್‌ವರ್ತ್‌ನ ಕವಿತೆಯೂ ಒಂದು. ಬೆಟ್ಟ, ಹೊಳೆ, ಹಳ್ಳಿಯವರ ಸಣ್ಣ ಬದುಕು. ಮುಂದೆ ಅವನು ಸುಖಗಳೆಲ್ಲ ಒಂದೇ ಜಾತಿಯವಲ್ಲ, ಕೆಲವು ಸುಖಗಳ ಗುಣವೇ ಬೇರೆ ಅಂತ ಬರೆದ. ತೃಪ್ತ ಹಂದಿಗಿಂತ ಅತೃಪ್ತ ಮನುಷ್ಯನಾಗಿರುವುದು ಮೇಲು ಎಂಬ ಮಾತು ಅಲ್ಲಿಯದು. ಅದನ್ನು ಓದುವಾಗ ನನಗೆ ಬಾಗಿಲಿನ ಸದ್ದು ನೆನಪಾಯಿತು. ಅಜ್ಜಿಗೆ ಆ ಸದ್ದು ಕೊಡುತ್ತಿದ್ದ ಸುಖವನ್ನು ಯಾವ ಅಳತೆಯಲ್ಲಿ ಹಾಕುತ್ತೀರಿ? ಪರಿಹಾರದ ಪಟ್ಟಿಯಲ್ಲಿ ಗದ್ದೆಗೆ ಇಷ್ಟು, ಮರಕ್ಕೆ ಇಷ್ಟು ಅಂತ ಇತ್ತು. ಸದ್ದಿಗೆ ಕಲಮು ಇರಲಿಲ್ಲ.

ಉಪಯುಕ್ತತಾವಾದಿಗಳು ಇದಕ್ಕೆ ಕೊಡುವ ಉತ್ತರವನ್ನು ಕೇಳಿಸಿಕೊಳ್ಳದೆ ಬಿಡುವುದು ಅನ್ಯಾಯ. ಅವರು ಹೇಳುವುದಿಷ್ಟು. ಊರು ಮುಳುಗಿಸಿ ಕೈತೊಳೆದುಕೊಳ್ಳಿ ಅಂತ ನಮ್ಮ ತತ್ವ ಎಲ್ಲಿ ಹೇಳಿದೆ? ಕಳೆದುಕೊಂಡವರಿಗೆ ಒಳ್ಳೆಯ ಜಮೀನು, ರಸ್ತೆ, ಮೊದಲ ಕರೆಂಟ್ ಕೊಟ್ಟರೆ ಒಟ್ಟು ಸುಖ ಇನ್ನೂ ಏರುತ್ತದೆ. ಕೊಡದೇ ಇದ್ದದ್ದು ನಮ್ಮ ಲೆಕ್ಕದ ಪ್ರಕಾರವೇ ತಪ್ಪು. ನಿಜ, ಒಪ್ಪುತ್ತೇನೆ. ನಮ್ಮಲ್ಲಿ ನಡೆದದ್ದು ಅರ್ಧ ಲೆಕ್ಕ. ಮೊದಲ ಅರ್ಧ ಮುಗಿಸಿ ಪುಸ್ತಕ ಮುಚ್ಚಿದರು. ಮುಳುಗಡೆಯವರನ್ನು ಕೂರಿಸಿದ ಎಷ್ಟೋ ಜಾಗ ದಾಖಲೆಯಲ್ಲಿ ಅರಣ್ಯ. ಅರವತ್ತು ವರ್ಷ ಕಳೆದರೂ ಹಕ್ಕುಪತ್ರದ ತಕರಾರು ಮುಗಿದಿಲ್ಲ. ಹಿನ್ನೀರಿನ ಆಚೆ ಉಳಿದ ತುಮರಿ ಕಡೆಯವರು ಆಸ್ಪತ್ರೆಗೆ, ಸಂತೆಗೆ ಲಾಂಚ್ ಕಾಯುತ್ತಾ ಕೂತರು. ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಅವರಿಗೆ ಸಿಕ್ಕಿದ್ದು 2025ರ ಜುಲೈಯಲ್ಲಿ.

ಆದರೂ ಒಂದು ಕಡೆ ನಾನು ಅವರಿಂದ ಬೇರೆಯಾಗುತ್ತೇನೆ. ಅವರ ಪ್ರಕಾರ ಹಕ್ಕುಪತ್ರ ಯಾಕೆ ಕೊಡಬೇಕು? ಸುಖ ಹೆಚ್ಚುತ್ತದೆ ಅಂತ. ನನ್ನ ಪ್ರಕಾರ ಯಾಕೆ ಕೊಡಬೇಕು? ಋಣ ಇದೆ ಅಂತ. ಎರಡೂ ಒಂದೇ ಕಡೆ ಮುಟ್ಟಿಸಬಹುದು, ಆದರೆ ಒಂದೇ ಅಲ್ಲ. ಅಜ್ಜ ಅಜ್ಜಿ ಇಬ್ಬರೂ ಈಗಿಲ್ಲ. ಅವರ ಸುಖ ಒಂದು ಗುಲಗಂಜಿಯಷ್ಟೂ ಹೆಚ್ಚುವುದಿಲ್ಲ. ಆ ಲೆಕ್ಕದಲ್ಲಿ ಅವರ ಅಂಕಣ ಖಾಲಿ. ಋಣ ಮಾತ್ರ ಖಾಲಿಯಾಗಿಲ್ಲ. ನಮ್ಮ ಭಾಷೆಯಲ್ಲಿ ಸತ್ತವರ ಋಣ ತೀರಿಸುವ ಮಾತೇ ಇದೆ ಅಲ್ವಾ? ಸರಿಯಾದ ನಿರ್ಧಾರವೂ ಹಿಂದೆ ಋಣ ಬಿಟ್ಟು ಹೋಗುತ್ತದೆ. ಮೊತ್ತ ಸರಿ ಬಂತು ಅಂತ ಅದು ತೀರುವುದಿಲ್ಲ.

ಹೀಗಂದೆ ಅಂತ ಬೆಂಥಮ್‌ನನ್ನು ಬಿಟ್ಟುಬಿಡಲು ನಾನು ತಯಾರಿಲ್ಲ. ಇದರಿಂದ ಯಾರಿಗೆ ನೋವು ಎಂಬ ಪ್ರಶ್ನೆ ಇಲ್ಲದೆ ಅಜ್ಜಿಯ ನೋವು ಚರ್ಚೆಗೇ ಬರುತ್ತಿರಲಿಲ್ಲ. ಪೀಟರ್ ಸಿಂಗರ್ ಎಂಬ ಉಪಯುಕ್ತತಾವಾದಿ 1971ರ ಬಂಗಾಳದ ನಿರಾಶ್ರಿತರ ಸಂಕಟ ನೋಡಿ ಒಂದು ಲೇಖನ ಬರೆದ. ಕೊಳದಲ್ಲಿ ಮುಳುಗುತ್ತಿರುವ ಮಗುವನ್ನು ಕಂಡರೆ ಬಟ್ಟೆ ಕೊಳೆಯಾದೀತೆಂದು ಸುಮ್ಮನಿರುತ್ತೀರಾ? ಇಲ್ಲ. ಹಾಗಿದ್ದರೆ ದೂರದಲ್ಲಿ ಸಾಯುತ್ತಿರುವ ಮಗು ಹೇಗೆ ಬೇರೆಯಾಯಿತು? ಸುಮ್ಮನಿರಲು ದೂರ ಎಂಬುದು ನೆಪವಾಗಲಾರದು ಎಂದ. ಈ ಮಾತನ್ನು ಬೆಂಗಳೂರಿನಲ್ಲಿ ಸ್ವಿಚ್ ಒತ್ತುವ ನಾನೂ ಕೇಳಿಸಿಕೊಳ್ಳಬೇಕು.

ಕೆಲವು ವರ್ಷಗಳ ಹಿಂದೆ ಮಳೆ ಕೈಕೊಟ್ಟು ಬೇಸಿಗೆಯಲ್ಲಿ ಹಿನ್ನೀರು ಬಹಳ ಇಳಿದಿತ್ತು. ನೀರು ಹೀಗೆ ಇಳಿದಾಗ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದು ಕಾಣುತ್ತದೆ. ಅದನ್ನೂ ಲಿಂಗನಮಕ್ಕಿಯ ನೀರೇ ಮುಳುಗಿಸಿದ್ದು. ಜನ ನೋಡಲು ಬರುತ್ತಾರೆ. ನಾವು ಅಲ್ಲಿಗೆ ಹೋಗಲಿಲ್ಲ. ಚಿಕ್ಕಪ್ಪ ನನ್ನನ್ನು ಬೇರೆ ದಿಕ್ಕಿಗೆ ಕರೆದುಕೊಂಡು ಹೋದರು. ಅವರು ಊರು ಬಿಡುವಾಗ ಎಂಟು ವರ್ಷದ ಹುಡುಗ. ಬಿರುಕು ಬಿಟ್ಟ ಕೆಸರಿನ ಮೇಲೆ, ಕಪ್ಪಾದ ಮರದ ಬೊಡ್ಡೆಗಳ ನಡುವೆ ಅರ್ಧ ಗಂಟೆ ನಡೆದೆವು. ದಾರಿ ಕೇಳಲು ಯಾರೂ ಇರಲಿಲ್ಲ. ಅವರಿಗೆ ಕೇಳುವ ಅಗತ್ಯವೂ ಬೀಳಲಿಲ್ಲ.

ಮನೆಯ ಪಾಯ ಇತ್ತು. ಗೋಡೆ ಇಲ್ಲ. ಹೊಸ್ತಿಲ ಕಲ್ಲು ಇತ್ತು. ಎರಡು ತುದಿಯಲ್ಲಿ ಎರಡು ಕುಳಿ, ತಿರುಗಿ ತಿರುಗಿ ನುಣುಪಾದವು. ಡ್ಯಾಮಿನ ಪರವಾಗಿ ಜೀವಮಾನವಿಡೀ ಅಜ್ಜನೊಂದಿಗೆ ವಾದ ಮಾಡಿದ ಚಿಕ್ಕಪ್ಪ ಏನೂ ಮಾತಾಡಲಿಲ್ಲ. ಪಂಚೆ ಮಡಚಿ ಕುಕ್ಕರಗಾಲಿನಲ್ಲಿ ಕೂತು, ಎಡಗಡೆಯ ಕುಳಿಯಲ್ಲಿ ಗಟ್ಟಿಯಾಗಿದ್ದ ಕೆಸರನ್ನು ಬೆರಳಿನಿಂದ ಕೆರೆದು ತೆಗೆದರು. ಆಮೇಲೆ ಬಲಗಡೆಯದ್ದನ್ನು.